ಕಪ್ಪು ಪುಡಿಯ ಆಲೂಗಡ್ಡೆ

ಅಕ್ಕ ಬೇಯಿಸಿದ ಆಲೂಗಡ್ಡೆಯನ್ನು ತಟ್ಟೆಗೆ ಹಾಕಿದಾಗ ತಮ್ಮನ ಕೈ ನೀರಿನ ಲೋಟದ ಕಡೆಗೆ ಹೋಯಿತು. ಬಾಯಾರಿಕೆಯೇನೂ ಇರಲಿಲ್ಲ.

ಅವನು ಹಳೆಯ ಬ್ಯಾಟರಿ ಒಡೆಯುವ ಕಾರ್ಖಾನೆಯಲ್ಲಿ ಕೆಮಿಸ್ಟು. ಟಾರ್ಚಿನ ಸೆಲ್ಲುಗಳ ಹೊಟ್ಟೆಯಿಂದ ಬರುವ ಕಪ್ಪು ಪುಡಿಯನ್ನು ತೊಳೆದು, ಸೋಸಿ, ವಿಷವನ್ನೆಲ್ಲ ತೆಗೆದು, ಉಳಿದ ಸತು, ಮ್ಯಾಂಗನೀಸಿನಿಂದ ಆಲೂಗಡ್ಡೆ ಬೆಳೆಗೆ ಗೊಬ್ಬರ ಮಾಡಿದ್ದ. ಕಾರ್ಖಾನೆಯಲ್ಲಿ ಅವನಿಗೆ ಸೆಲ್ ಸಾಹೇಬ ಎಂದೇ ಹೆಸರು. ನಾಲ್ಕು ಜನ ಸೇರಿದ ಕಡೆಯೆಲ್ಲ ಎದ್ದು ನಿಂತು, "ಸತು ಎಲ್ಲಿಂದ ಬಂತು ಅಂತ ಗಿಡ ಕೇಳಲ್ಲ ಸ್ವಾಮಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಗಿಡ ಕೇಳುತ್ತಿರಲಿಲ್ಲ, ರೈತರು ಕೇಳುತ್ತಿದ್ದರು. ಒಬ್ಬರೂ ಒಪ್ಪದೆ ಹೋದಾಗ ಅಕ್ಕನ ಬೆನ್ನು ಬಿದ್ದು, ಅವಳ ಹೊಲದ ಒಂದು ಮೂಲೆಗೆ ಹಾಕಿಸಿದ್ದ.

ಗೆಡ್ಡೆಗಳು ಚೆನ್ನಾಗಿಯೇ ಬಂದಿದ್ದವು. ತಿನ್ನಲು ಯಾವ ತೊಂದರೆಯೂ ಇಲ್ಲವೆಂದು ಪರೀಕ್ಷೆಯಲ್ಲೂ ಗೊತ್ತಾಗಿತ್ತು. ಆದರೆ ಪರೀಕ್ಷೆ ಮಾಡಿದವನು ಅವನೇ. ಬೇರೆ ಯಾರಾದರೂ ಮಾಡಿದ್ದರೆ ನಂಬಬಹುದಿತ್ತು.

"ಯಾಕೋ, ಹಸಿವಿಲ್ವಾ?" ಅಕ್ಕ ಕೇಳಿದಳು.

"ಇದೆ, ಇದೆ. ಬಿಸಿ ಆರಲಿ ಅಂತ."

"ಮುಂದಿನ ಸಲ ಇಡೀ ಹೊಲಕ್ಕೆ ನಿನ್ನ ಗೊಬ್ಬರಾನೇ ಹಾಕೋಣ ಅಂತಿದ್ದಾರೆ ನಿಮ್ಮ ಭಾವ."

ಖುಷಿಯಿಂದ ಕುಣಿಯಬೇಕಾದ ಮಾತು. ಅವನಿಗೆ ಮಾತ್ರ ಕಾರ್ಖಾನೆಯ ಅಂಗಳದಲ್ಲಿ ತುಕ್ಕು ಹಿಡಿದು ಬಿದ್ದ ಸೆಲ್ಲುಗಳ ರಾಶಿ ಕಣ್ಣೆದುರು ಬಂತು. 'ಸತು ಸತುವೇ ಕಣೋ' ಎಂದು ತನಗೆ ತಾನೇ ಭಾಷಣ ಮಾಡಿಕೊಂಡ. ಎಷ್ಟೋ ಜನರೆದುರು ಮಾಡಿದ ಭಾಷಣ, ತನ್ನ ಒಂದು ಹೊಟ್ಟೆಗೆ ನಾಟಲಿಲ್ಲ. ಆಲೂಗಡ್ಡೆಯ ಸಿಪ್ಪೆಯನ್ನು, ಅದರ ಕೆಳಗಿನ ಪದರಗಳನ್ನೂ ಒಂದೊಂದಾಗಿ ಸುಲಿದ. ಗೋಲಿ ಗಾತ್ರಕ್ಕೆ ಇಳಿಯಿತು.

ಅಷ್ಟರಲ್ಲಿ ಭಾವ ಬಂದು ಕೂತರು. ಅಕ್ಕ ಒಲೆಯ ಮೇಲಿನ ಬೇರೊಂದು ಪಾತ್ರೆಯಿಂದ ಅವರಿಗೂ ತನಗೂ ಆಲೂಗಡ್ಡೆ ಬಡಿಸಿದಳು. ತಮ್ಮ ಆ ಪಾತ್ರೆಯನ್ನೇ ದಿಟ್ಟಿಸಿದ. ಓಹೋ, ಇವರದು ಹೀಗೋ! ಹೊಲಕ್ಕೆ ಹಾಕಲು ಬೇಕು, ತಿನ್ನಲು ಬೇಡ! ರೋಷ ಉಕ್ಕಿ ಬಂದು ಗೋಲಿಯನ್ನು ಬಾಯಿಗೆ ಎಸೆದುಕೊಂಡ. ಇನ್ನೊಂದನ್ನು ಸಿಪ್ಪೆ ಸಮೇತ ತಿಂದ. ಮೂರನೆಯದನ್ನು ತಿನ್ನುವ ಹೊತ್ತಿಗೆ ಧೈರ್ಯವೇ ಮೈವೆತ್ತಂತಿದ್ದ.

"ನೋಡಿ ಭಾವ, ನಾನು ಹೇಗೆ ತಿಂತಿದೀನಿ! ಆಹಾ, ರುಚಿ ಅಂದ್ರೆ ಇದು. ನಿಮಗ್ಯಾಕೆ ಬೇರೆ ಪಾತ್ರೆ? ಮನೆಯವರೇ ನಂಬದಿದ್ರೆ ಊರವರು ನಂಬ್ತಾರಾ?"

ಭಾವ ಪೆಚ್ಚಾಗಿ ಅಕ್ಕನ ಮುಖ ನೋಡಿದರು. ಅಕ್ಕ ಸೌಟು ಕೆಳಗಿಟ್ಟಳು.

"ಇವರು ತಿಂತಿರೋದು ನಿಂದೇ ಕಣೋ. ಹೊಲದಿಂದ ಕಿತ್ತಾಗಿನಿಂದ ನಾವು ಅದನ್ನೇ ತಿಂತಿದೀವಿ. ನಿಂಗೆ ಹಾಕಿದ್ದು ಅಂಗಡೀದು. ನೀನು ಚಿಕ್ಕಂದಿನಿಂದಲೂ ಪುಕ್ಕಲ, ಎಲ್ಲಿ ಊಟ ಬಿಟ್ಟು ಏಳ್ತೀಯೋ ಅಂತ ತರಿಸಿದೆ."

ಹಾಗೆಂದು, ಅವನು ಬೇಡ ಎನ್ನುವ ಮೊದಲೇ, ಅಂಗಡಿಯದನ್ನೇ ಇನ್ನೊಂದು ಹಾಕಿದಳು.