ಸಾಬನ ಹುಲ್ಲು

ಹುಡುಕಲು ಬಂದವರು ಅಟ್ಟ ನೋಡಿದರು, ಅಡುಗೆಮನೆ ನೋಡಿದರು, ಕಡೆಗೆ ಪುತಳಾಬಾಯಿಯ ಕೊಟ್ಟಿಗೆಗೂ ಬಂದರು. ನಬೀಸಾಬ ಅಲ್ಲೇ ಇದ್ದ, ಮೂಲೆಯ ಒಣಹುಲ್ಲಿನ ರಾಶಿಯೊಳಗೆ. ‘ಇಲ್ಲೇ ಇರಣ್ಣಾ’ ಎಂದು ಅಡಗಿಸಿದವಳು ಅವಳೇ.

ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಬಿದ್ದು ವಾರ ಕಳೆದಿರಲಿಲ್ಲ. ಮಾಡಬಾರದ್ದು ಮಾಡಿದ ರಜಾಕಾರರು ಓಡಿಹೋಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಈಗ ಕೈಗೆ ಸಿಕ್ಕ ಸಾಬರಿಗೆಲ್ಲ ಬಡಿಗೆ. ನಬೀಸಾಬ ಯಾರ ತಂಟೆಗೂ ಹೋದವನಲ್ಲ. ನೌಬಾದದಲ್ಲಿ ಸರ್ಕಾರಿ ಕುದುರೆಗಳ ಹುಲ್ಲು ಕಾಯುತ್ತಿದ್ದವನು, ಅಲ್ಲಿನ ಪರದೇಶದ ಗಿನಿ ಹುಲ್ಲಿನ ಬೇರು ತಂದು ತನ್ನ ಈ ಬಗದಲ್ ಊರಿಗೆಲ್ಲ ಹಂಚಿದವನು. ಒಮ್ಮೆ ನೆಟ್ಟರೆ ಸಾಕು, ಕೊಯ್ದಷ್ಟೂ ಚಿಗುರುವ ಹುಲ್ಲು. ಗಿನಿ ಎಂಬ ಹೆಸರು ಹೆಂಗಸರ ಬಾಯಿಗೆ ಹತ್ತಲಿಲ್ಲ. ಅವರು ಅದನ್ನು ಸಾಬನ ಹುಲ್ಲು ಅಂದರು, ಅದೂ ಅವನ ಬೆನ್ನ ಹಿಂದೆ. ಹಿರಿಯನ ಎದುರು ಹಾಗೆ ಅನ್ನುವುದುಂಟೇ?

ಗುಂಪಿನ ಮುಂದಾಳು ವೈಜಿನಾಥ, ಔರಾದ ಕಡೆಯ ರೈತ, ರಾಶಿಗೆ ಬಡಿಗೆ ತಿವಿದ. ಏನೂ ತಾಗಲಿಲ್ಲ. “ಇಲ್ಲಿಲ್ಲ, ನಡೀರಿ,” ಎಂದ. ಪುತಳಾಬಾಯಿಗೆ ಹೋದ ಜೀವ ಬಂದಂತಾಯಿತು.

ಬಾಗಿಲ ತನಕ ಹೋದವನು ತಿರುಗಿ ನಿಂತ. ಉದ್ದನೆಯ ಹಸಿ ಹುಲ್ಲು ಜಗಿಯುತ್ತಿದ್ದ ಮೈತುಂಬಿದ ಎಮ್ಮೆಯ ಮೇಲೆ ಅವನ ಕಣ್ಣು ಬಿದ್ದಿತ್ತು.

“ಇದ್ಯಾವ ಹುಲ್ರಿ ಅಕ್ಕಾ? ನಮ್ಮ ಕಡಿ ನೋಡಿಲ್ಲ.”

ಗಂಡಾಂತರ ಕಳೆಯಿತೆಂಬ ನಿರಾಳದಲ್ಲಿದ್ದಳು. ಎಲುಬಿಲ್ಲದ ನಾಲಿಗೆ, ದಿನಾ ಅನ್ನುವುದನ್ನೇ ಅಂದಿತು.

“ಸಾಬನ ಹುಲ್ರಿ.”

ರಾಶಿಯೊಳಗೆ ಕೂತವನ ಕಿವಿಗೆ ಬಿದ್ದದ್ದು ‘ಸಾಬ’ ಒಂದೇ. ಹುಲ್ಲು ಅಲುಗಿತು. ನಬೀಸಾಬ ತಾನಾಗಿಯೇ ಎದ್ದು ಬಂದ. ವೈಜಿನಾಥನ ಕಡೆ ನೋಡಲೇ ಇಲ್ಲ.

“ಯಾಕ ತಂಗಿ, ನಾ ಇರೋದು ಬ್ಯಾಡಾಗಿದ್ರ ಮೊದಲ ಹೇಳಬೇಕಿತ್ತಲ್ಲ. ನಾನೇ ಹೋಗ್ತಿದ್ನಿ.”

“ಹಂಗಲ್ಲಣ್ಣಾ, ಅದು ಹುಲ್ಲಿನ ಹೆಸರು...” ಎಂದು ಅವಳು ಬಾಯಿ ಬಿಡುವಷ್ಟರಲ್ಲಿ ಅವನನ್ನು ಎಳೆದುಕೊಂಡು ಓಣಿ ದಾಟಿದ್ದರು. ನಬೀಸಾಬ ಮತ್ತೆ ಬರಲಿಲ್ಲ.

ಮರುವರ್ಷದ ಮಳೆಗೆ ಹುಲ್ಲು ಎದೆಯುದ್ದ ಬಂತು, ಏನೂ ಆಗಿಲ್ಲವೆಂಬಂತೆ. ಪಕ್ಕದ ಮನೆಯ ಸಖುಬಾಯಿ ಬೇಲಿಯ ಹತ್ತಿರ ನಿಂತು ಕೇಳಿದಳು, “ಪುತಳಕ್ಕಾ, ಸಾಬನ ಹುಲ್ಲಿಂದು ಒಂದೀಟು ಬೇರು ಕೊಡು.”

ಪುತಳಾಬಾಯಿ ಕುಡುಗೋಲು ಕೆಳಗಿಟ್ಟಳು.

“ಬೇಕಾದಷ್ಟು ಕಿತ್ಕೊಂಡು ಹೋಗು,” ಎಂದಳು. “ಹೆಸರು ಮಾತ್ರ ಹೇಳಬ್ಯಾಡ.”