ಒಂದಾಳಿನ ಭಾರ

ಹಳೆಯ ಟ್ರಕ್ಕಿಗೆ ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವಂತೆ ಹೊಸದಾಗಿ ಕೂರಿಸಿದ್ದ ಗಟ್ಟಿ ಆಕ್ಸಲ್ಲಿನ ಬೆಸುಗೆಯನ್ನು ಮಗಳು ತಾನೇ ಕತ್ತರಿಸಿ ತೆಗೆದಳು. ಗಾಡಿಯನ್ನು ಜಾಕಿನ ಮೇಲೆ ಎತ್ತಿಟ್ಟು, ಸ್ಪ್ರಿಂಗಿನ ಮೇಲೆ ಭಾರವೇ ಇಲ್ಲದಾಗ ಬೆಸೆದಿದ್ದಳು; ಗಾಡಿ ಇಳಿಸಿದ ಮೇಲೆ ಸ್ಪ್ರಿಂಗು ಕುಗ್ಗಿ ಆಕ್ಸಲ್ಲು ಓರೆಯಾಗಿತ್ತು, ತಪ್ಪು ಅವಳದೇ.

"ಚೆನ್ನಾಗಿದ್ದ ಗಾಡೀನ ಕುಯ್ದು ಹಾಕಿದ್ಯಲ್ಲ!" ಮೂವತ್ತು ವರ್ಷ ಅದನ್ನು ಓಡಿಸಿದ್ದ ಅಪ್ಪ ಶೆಡ್ಡಿನ ಬಾಗಿಲಲ್ಲೇ ಮುಖ ಊದಿಸಿಕೊಂಡು ನಿಂತಿದ್ದ.

"ಹತ್ತು ಸಲ ಕಿತ್ತರೂ ಸರಿಯಾಗಿ ಕೂರಿಸದೆ ಬಿಡಲ್ಲಪ್ಪ," ಎಂದವಳು ಚಕ್ರಗಳನ್ನು ನೆಲಕ್ಕಿಳಿಸಿ, ಸ್ಪ್ರಿಂಗಿನ ಮೇಲೆ ಎಂಜಿನ್ನಿನಷ್ಟೇ ಭಾರ ಬೀಳಲೆಂದು, ಬಿಚ್ಚಿಟ್ಟ ಎಂಜಿನ್ನಿನ ಜಾಗದಲ್ಲಿ ಮರಳಿನ ಮೂಟೆ ಪೇರಿಸಿದಳು. ಒಂಬತ್ತು ಪೇರಿಸುವಷ್ಟರಲ್ಲಿ ಇದ್ದ ಮೂಟೆಗಳು ಮುಗಿದವು.

ಅಪ್ಪನಿಗೆ ತಡೆಯಲಾಗಲಿಲ್ಲ. ಬಂದು ಬಗ್ಗಿ, ಚಾಸಿಗೂ ಸ್ಪ್ರಿಂಗಿನ ಪಟ್ಟಿಗೂ ನಡುವೆ ಗೇಣು ಹಾಕಿ ನೋಡಿದ. "ಇನ್ನೂ ಒಂದಾಳಿನ ಭಾರ ಕಮ್ಮಿ." ಅಂದವನೇ ಚಪ್ಪಲಿ ಬಿಟ್ಟು, ಮೂಟೆಗಳ ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತ. "ಈಗ ಹೊಡಿ ವೆಲ್ಡಿಂಗು. ನಾನು ಅಲ್ಲಾಡಲ್ಲ."