ನೀರು ಬಿಡುವ ವಾಸನೆ

ನಗರಸಭೆಯ ಗೋಪುರದಿಂದ ಬೆಳಗಿನ ಗಾಳಿಗೆ ಲಿಂಬೆಯ ವಾಸನೆ ಹೊರಟಿತು. ಲಿಂಬೆ ಎಂದರೆ ನೀರು ಬಿಟ್ಟಿದ್ದಾರೆ ಎಂದರ್ಥ. "ಓಣಿಗೊಂದು ಬ್ಯಾಡ, ಊರಿಗೆಲ್ಲ ಒಂದ ವಾಸನಿ ಇರ್ಲಿ" ಎಂದು ಹೋದ ವಾರವಷ್ಟೇ ಸದಸ್ಯರು ಕೈ ಎತ್ತಿ ಠರಾವು ಮಾಡಿದ್ದರು. ಯಾರೋ ಉಪ್ಪಿನಕಾಯಿ ಹಾಕುತ್ತಿದ್ದಾರೆಂದುಕೊಂಡು ಓಣಿಯವರು ಒಳಗೇ ಉಳಿದರು. ನಳ ತನ್ನಷ್ಟಕ್ಕೆ ಹರಿಯುತ್ತಿತ್ತು.

ಅದೇ ಓಣಿಯ ನೀಲವ್ವ ಮಾತ್ರ ಹೊರಬಂದು ಹರಿಯುವ ನಳ ನೋಡಿದಳು. ಮೂವತ್ತು ವರ್ಷ ಈ ಓಣಿಗೆ ನೀರಿನ ಸುದ್ದಿ ಬಂದದ್ದು ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯಲ್ಲಿ. ಗೋಪುರ ಕಟ್ಟಿದ ವರ್ಷ ನಗರಸಭೆಯವರು ಅದನ್ನು ಅವಳ ಅವ್ವನ ಅಡುಗೆಮನೆಯಿಂದಲೇ ಸೀಸೆಯಲ್ಲಿ ಹಿಡಿದು ಒಯ್ದಿದ್ದರು. ಅವ್ವ ತೀರಿಹೋದ ಮೇಲೂ ಎಂಟು ದಿನಕ್ಕೊಮ್ಮೆ ಅವಳ ಒಗ್ಗರಣೆ ಓಣಿಗೆ ಬಂದು ಎಲ್ಲರನ್ನೂ ಎಬ್ಬಿಸುತ್ತಿತ್ತು.

ನೀಲವ್ವ ಅಡುಗೆಮನೆಯ ಕಿಟಕಿ ತೆರೆದಿಟ್ಟು, ಎಣ್ಣೆ ಕಾಯಿಸಿ, ಅವ್ವ ಹಾಕುತ್ತಿದ್ದಂತೆ ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ ಹಾಕಿದಳು. ಚುರ್ರೆಂದಿತು. ಬಾಗಿಲುಗಳು ಒಂದೊಂದಾಗಿ ತೆರೆದವು. ಎದುರುಮನೆಯ ಸಾವಂತ್ರಿ ಕೊಡ ಹಿಡಿದು ಓಡಿಬಂದಳು.

"ನೀಲಕ್ಕಾ, ನಿಮ್ಮವ್ವಾರ ವಾಸನಿ ಮತ್ತ ಬಿಡಾಕತ್ತಾರೇನ?"

ನೀಲವ್ವ ಬಾಣಲೆಯನ್ನು ಬೆನ್ನ ಹಿಂದೆ ಸರಿಸಿದಳು.

"ಹೂಂನವ್ವ, ಬಿಟ್ಟಾರ. ಲಗೂ ತುಂಬ್ಕೊ."